ಶಾರ್ಜಾದ ಶಾಲೆಗೆ ಹೊರಟ ಟೀಚರಿಗೆ: ಅಟೆಸ್ಟೇಶನ್, ಗಂಟಲು, ದೋಸೆಹಿಟ್ಟು

ಕಲ್ಸಂಕ_ಟೀಚರ್:

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಬರೀತಿದ್ದೇನೆ. ಶಾರ್ಜಾದ ಒಂದು ಸಿಬಿಎಸ್‌ಇ ಶಾಲೆಯಿಂದ ಆಫರ್ ಬಂದಿದೆ. 6ರಿಂದ 10ನೇ ತರಗತಿಗೆ ಗಣಿತ, ಎಪ್ರಿಲ್‌ನಲ್ಲಿ ಸೇರಬೇಕು. ಬಿಎಸ್ಸಿ, ಬಿಎಡ್ ಎರಡೂ ಮಂಗಳೂರು ವಿವಿಯದ್ದು. ಉಳಿಯಲಿಕ್ಕೆ ಶಾಲೆಯವರೇ ಫ್ಲಾಟ್ ಕೊಡ್ತಾರೆ, ಇನ್ನಿಬ್ಬರು ಟೀಚರ್ಸ್ ಜೊತೆ ಹಂಚಿಕೊಳ್ಳಬೇಕು.

ಕೇಳಬೇಕಾದದ್ದು ಇಷ್ಟು. ಅಟೆಸ್ಟೇಶನ್‌ಗೆ (ಸರ್ಟಿಫಿಕೇಟ್ ಅಸಲಿ ಅಂತ ಸರಕಾರಿ ಮೊಹರು ಹಾಕಿಸುವುದು) ಏಜೆಂಟ್ "ಒರಿಜಿನಲ್ ಕೊಡಿ, ಎಲ್ಲ ಆಗ್ತದೆ" ಅಂತಾರೆ. ಯಾವ ಕಚೇರಿಗೆ ಹೋಗ್ತದೆ ಅಂತ ಹೇಳುವುದಿಲ್ಲ. ನಿಜವಾಗಿ ಹಾದಿ ಎಂತದು? ಆಫರ್ ಲೆಟರ್‌ನಲ್ಲಿ ಬೇಸಿಕ್ ಕಡಿಮೆ, ಅಲೊವೆನ್ಸ್ ಜಾಸ್ತಿ ಉಂಟು. ಒಟ್ಟು ಮೊತ್ತ ಸರಿ ಇದ್ದರೆ ಸಾಕಾ? ದಿನವಿಡೀ ಎಸಿ ಕೋಣೆಯಲ್ಲಿ ಪಾಠ ಮಾಡಿದರೆ ಗಂಟಲು ಹೋಗ್ತದೆ ಅಂತಾರೆ, ಅದಕ್ಕೆ ಎಂತ ಮಾಡುವುದು? ಕೊನೆಗೆ ಅಡುಗೆಮನೆ. ಎಂತ ಕೊಂಡುಹೋಗಬೇಕು, ಎಂತ ಬೇಡ? ಅಮ್ಮನಿಗೆ ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ, ಅದೂ ಒಂದು ತಲೆಬಿಸಿ.

ಕೊಣಾಜೆ_ಬಸ್:

ಅಟೆಸ್ಟೇಶನ್ ಬಗ್ಗೆ ಮಾತ್ರ ಹೇಳ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ಯುಎಇ ಅಪೋಸ್ಟಿಲ್ ಒಪ್ಪಂದದಲ್ಲಿ (ಒಂದು ದೇಶದ ಒಂದೇ ಮೊಹರನ್ನು ಉಳಿದ ಸದಸ್ಯ ದೇಶಗಳೂ ಒಪ್ಪುವ ಒಪ್ಪಂದ) ಇಲ್ಲ. ಒಮಾನ್, ಬಹರೈನ್, ಸೌದಿ ಇದ್ದಾವೆ. ಹಾಗಾಗಿ ಮಸ್ಕತ್ತಿಗೆ ಹೋದವರು "ಒಂದು ಸ್ಟಿಕ್ಕರ್ ಅಂಟಿಸಿದರೆ ಮುಗೀತು" ಅಂದರೆ ಅದು ಅವರಿಗೆ ಸರಿ, ನಿಮಗಲ್ಲ. ನಿಮ್ಮ ಪ್ರಮಾಣಪತ್ರ ಮೊದಲು ಬೆಂಗಳೂರಿನ ಉನ್ನತ ಶಿಕ್ಷಣ ಇಲಾಖೆಗೆ ಹೋಗಬೇಕು (ಎಚ್‌ಆರ್‌ಡಿ ಅಟೆಸ್ಟೇಶನ್ ಅಂತ ಎಲ್ಲರೂ ಕರೆಯುವುದು ಇದನ್ನೇ), ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಅಲ್ಲಿಗೆ ತಲುಪಿದ ನಂತರ ಯುಎಇ ವಿದೇಶಾಂಗ ಸಚಿವಾಲಯದ ಮೊಹರು, ಅದಕ್ಕೆ ಒಂದು ದಾಖಲೆಗೆ 150 ದಿರ್ಹಂ. ಕ್ರಮ ತಪ್ಪುವಂತಿಲ್ಲ. ಹಿಂದಿನ ಮೊಹರು ಇಲ್ಲದಿದ್ದರೆ ಮುಂದಿನವರು ಮುಟ್ಟುವುದಿಲ್ಲ.

ಏಜೆಂಟರ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: "ಎಚ್‌ಆರ್‌ಡಿ ಮೂಲಕವಾ, ಎಸ್‌ಡಿಎಂ ಮೂಲಕವಾ?" ಎಸ್‌ಡಿಎಂ (ಉಪವಿಭಾಗದ ಮ್ಯಾಜಿಸ್ಟ್ರೇಟ್) ದಾರಿಯಲ್ಲಿ ರಾಜ್ಯದ ಶಿಕ್ಷಣ ಇಲಾಖೆಗೆ ಹೋಗದೆ ದೆಹಲಿಯಲ್ಲೇ ಮೊಹರು ಹಾಕಿಸ್ತಾರೆ, ಬೇಗ ಆಗ್ತದೆ. ಶಾಲೆ ಎಚ್‌ಆರ್‌ಡಿ ಅಂತ ಕೇಳಿದ್ದರೆ ಮಾತ್ರ ಮೊದಲಿನಿಂದ ಪುನಃ ಮಾಡಬೇಕು, ದುಡ್ಡೂ ಎರಡು ಸಲ. ಶಾಲೆಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಹಾಕಿ ಉತ್ತರ ತರಿಸಿಕೊಳ್ಳಿ, ಅದರ ಪ್ರಿಂಟ್ ಏಜೆಂಟರಿಗೆ ಕೊಡಿ. ರಸೀದಿಯಲ್ಲಿ ಪ್ರತಿ ಒರಿಜಿನಲ್‌ನ ಕ್ರಮಸಂಖ್ಯೆ ಬರೆಸಿ. "ಸರ್ಟಿಫಿಕೇಟ್ 2" ಅಂತ ಬರೆದ ರಸೀದಿಗೆ ಬೆಲೆ ಇಲ್ಲ.

ಮೊಹರು ಬೀಳುವುದು ಒರಿಜಿನಲ್‌ನ ಹಿಂಬದಿಗೆ. ಹಾಗಾಗಿ ಲ್ಯಾಮಿನೇಶನ್ ಮಾಡಿಸಿದ್ದು ನಡೆಯುವುದಿಲ್ಲ. ಊರಿನಲ್ಲಿ ರ‍್ಯಾಂಕ್ ಬಂದವರ ಸರ್ಟಿಫಿಕೇಟೆಲ್ಲ ಪ್ಲಾಸ್ಟಿಕ್ ಒಳಗೇ ಇರ್ತದೆ, ಅದೇ ಕಷ್ಟ. ಬಿಸಿ ಲ್ಯಾಮಿನೇಶನ್ ಆಗಿದ್ದರೆ ದಮ್ಮಯ್ಯ ಮನೆಯಲ್ಲಿ ಎಳೆದು ಕೀಳಬೇಡಿ, ಶಾಯಿ ಪ್ಲಾಸ್ಟಿಕ್ ಜೊತೆಗೇ ಎದ್ದು ಬರ್ತದೆ. ಕೊಣಾಜೆಯಲ್ಲಿ, ಅಂದರೆ ಮಂಗಳೂರು ವಿವಿಯಲ್ಲಿ, ನಕಲು ಪ್ರತಿಗೆ ಅರ್ಜಿ ಹಾಕುವುದು ಒಳ್ಳೆಯದು. ಬರೇ ಪ್ರೊವಿಷನಲ್ ಸರ್ಟಿಫಿಕೇಟ್ ನೆಚ್ಚಿಕೊಳ್ಳಬೇಡಿ, ಘಟಿಕೋತ್ಸವದ ಪದವಿ ಪ್ರಮಾಣಪತ್ರವೇ ಬೇಕು. ಅದನ್ನು ಇನ್ನೂ ತೆಗೆದುಕೊಂಡಿಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಹೋಗುವಾಗಲೇ ಒಂದು ಪತ್ರ ಕೂಡ ಕೇಳಿ: ಕೋರ್ಸ್ ಪೂರ್ಣಾವಧಿಯದ್ದು, ನಿಯಮಿತ ತರಗತಿಯದ್ದು, ಇಂಥ ಕಾಲೇಜಿನಲ್ಲಿ ಓದಿದ್ದು ಅಂತ. ಯುಎಇಯಲ್ಲಿ ಪದವಿಯ ಸಮಾನತೆ (ನಿಮ್ಮ ಪದವಿ ಅಲ್ಲಿನದ್ದಕ್ಕೆ ಸಮ ಎಂಬ ಮಾನ್ಯತೆ) ಕೇಳುವಾಗ ಈ ವಿವರ ಬೇಕಾಗ್ತದೆ, ಶಾರ್ಜಾದಲ್ಲಿ ಕೂತು ಕೊಣಾಜೆಯಿಂದ ತರಿಸುವುದು ಸುಲಭ ಅಲ್ಲ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ, 500 ರೂಪಾಯಿ. ಪಾಸ್‌ಪೋರ್ಟ್‌ನಲ್ಲಿ ಇರುವ ವಿಳಾಸ ಮತ್ತು ಈಗಿನ ವಿಳಾಸ ಬೇರೆ ಇದ್ದರೆ ಇದು ತಡ ಆಗ್ತದೆ. ಗಂಡ, ಮಕ್ಕಳನ್ನು ಆಮೇಲೆ ಕರೆಸಿಕೊಳ್ಳುವ ಯೋಚನೆ ಇದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರಕ್ಕೂ ಈಗಲೇ ಅಟೆಸ್ಟೇಶನ್ ಮಾಡಿಸಿ. ದೇವಸ್ಥಾನದ ರಸೀದಿ ಸಾಕಾಗುವುದಿಲ್ಲ.

ಬಂದರು_ರಸ್ತೆ:

ಒಟ್ಟು ಮೊತ್ತ ನೋಡಿದರೆ ಸಾಕಾ ಅಂತ ಕೇಳಿದಿರಿ. ಸಾಲದು ಟೀಚರೇ.

ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ. ಒಂದು ವರ್ಷ ಪೂರ್ತಿ ಆದ ಮೇಲೆ, ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್. ಅದರ ನಂತರದ ವರ್ಷಗಳಿಗೆ 30 ದಿನದ್ದು. ಒಟ್ಟು ಸಂಬಳ 3,500 ದಿರ್ಹಂ ಅಂತ ಇಟ್ಟುಕೊಳ್ಳಿ. ಬೇಸಿಕ್ 1,500 ಆದರೆ ದಿನಕ್ಕೆ 50, ವರ್ಷಕ್ಕೆ 1,050, 5 ವರ್ಷಕ್ಕೆ 5,250. ಅದೇ 3,500ರಲ್ಲಿ ಬೇಸಿಕ್ 2,500 ಇದ್ದಿದ್ದರೆ 8,750. ತಿಂಗಳ ಕೈಸಂಬಳ ಒಂದೇ, ಹೊರಡುವ ದಿನ 3,500 ದಿರ್ಹಂ ವ್ಯತ್ಯಾಸ. ಬೇಸಿಕ್ ಹೆಚ್ಚಿಸಿ ಅಂತ ಸಹಿ ಹಾಕುವ ಮೊದಲು ಕೇಳಲಿಕ್ಕೆ ಆಗ್ತದೆ, ಆಮೇಲೆ ಆಗುವುದಿಲ್ಲ.

ಎರಡನೆಯದು ಜುಲೈ-ಆಗಸ್ಟ್. ಅಲ್ಲಿ ದೊಡ್ಡ ರಜೆ ಆಗ. ಮೊದಲ ವರ್ಷದ ಎರಡೂ ತಿಂಗಳಿಗೆ ಪೂರ್ತಿ ಸಂಬಳ ಉಂಟಾ, ಕೆಲಸ ಮಾಡಿದ ತಿಂಗಳ ಲೆಕ್ಕದಲ್ಲಿ ಕಡಿತ ಉಂಟಾ ಅಂತ ಬರವಣಿಗೆಯಲ್ಲಿ ಕೇಳಿ. ಟಿಕೆಟ್ ವರ್ಷಕ್ಕೊಮ್ಮೆಯಾ, ಎರಡು ವರ್ಷಕ್ಕೊಮ್ಮೆಯಾ, ಮತ್ತು ಟಿಕೆಟ್ಟೇ ಕೊಡ್ತಾರಾ ಅಥವಾ ಒಂದು ನಿಗದಿ ಮೊತ್ತವಾ? ಶಾಲೆ ಮುಚ್ಚುವ ವಾರ ದುಬೈ-ಮಂಗಳೂರು ದರ ಮುಗಿಲಿಗೆ ಹೋಗ್ತದೆ, ನಿಗದಿ ಮೊತ್ತ ಅದಕ್ಕೆ ಸಾಕಾಗುವುದಿಲ್ಲ.

2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲು ಮಾಡುವಂತಿಲ್ಲ, ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚು ಇಡುವಂತಿಲ್ಲ, ಪಾಸ್‌ಪೋರ್ಟ್ ಕೂಡ ಅವರು ಇಟ್ಟುಕೊಳ್ಳುವಂತಿಲ್ಲ. ಪ್ರೊಬೇಷನ್‌ನಲ್ಲೇ ಬಿಟ್ಟು ಊರಿಗೆ ಬರುವುದಾದರೆ 14 ದಿನದ ನೋಟಿಸ್, ಅಲ್ಲೇ ಇನ್ನೊಂದು ಕೆಲಸಕ್ಕೆ ಹೋಗುವುದಾದರೆ ಒಂದು ತಿಂಗಳದ್ದು. ಆರೋಗ್ಯ ವಿಮೆ 2025ರ ಜನವರಿಯಿಂದ ಶಾರ್ಜಾದಲ್ಲೂ ಕಡ್ಡಾಯ, ಕೊಡಿಸಬೇಕಾದ್ದು ಶಾಲೆಯೇ. ಇಲ್ಲಿನ ನೇಮಕಾತಿ ಏಜೆಂಟರಾದರೆ ಭಾರತ ಸರಕಾರದ ಇಮಿಗ್ರೇಟ್ ಪೋರ್ಟಲ್‌ನಲ್ಲಿ ಅವರ ನೋಂದಣಿ ಸಂಖ್ಯೆ ಹುಡುಕಿ. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೊಡ್ತೀರಾ ಅಂತ ಕೇಳಿ ನೋಡಿ, ಅಲ್ಲಿಗೆ ಗೊತ್ತಾಗ್ತದೆ.

ಬ್ಯಾಂಕ್: ಈಗಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಊರಿನ ಆದಾಯದ ಖಾತೆ) ಮಾಡಿಸಬೇಕು, ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ಬೇರೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಉಂಟು. ಎಪ್ರಿಲ್‌ನಲ್ಲಿ ಹೋಗುವುದರಿಂದ ಆ ಆರ್ಥಿಕ ವರ್ಷಕ್ಕೇ ನೀವು ಅನಿವಾಸಿ. ಕೆಲಸಕ್ಕೆ ಹೋಗುವವರು ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಕು. ಆದರೆ ನಂತರದ ವರ್ಷಗಳಲ್ಲಿ ರಜೆಯ ದಿನ ಲೆಕ್ಕ ಇಟ್ಟುಕೊಳ್ಳಿ. ಊರಿನ ಸಿಮ್ ಬಿಡಬೇಡಿ, ರೋಮಿಂಗ್ ಹಾಕಿಸಿ ಕನಿಷ್ಠ ರೀಚಾರ್ಜ್ ಮಾಡ್ತಾ ಇರಿ. ಒಟಿಪಿ ಬರುವುದು ಅದಕ್ಕೇ.

ಸೀಮೆಸುಣ್ಣ:

ದುಡ್ಡಿನದ್ದು, ಕಾಗದದ್ದು ಒಮ್ಮೆ ಮುಗಿಯುವ ತೊಂದರೆ. ದಿನಾ ಕಾಡುವುದು ಬೇರೆ, ಅದನ್ನು ಹೇಳ್ತೇನೆ.

ಶಾರ್ಜಾದಲ್ಲಿ 2022ರಿಂದ ಶಾಲೆ ವಾರಕ್ಕೆ ನಾಲ್ಕೇ ದಿನ, ಸೋಮವಾರದಿಂದ ಗುರುವಾರ. ಪಕ್ಕದ ದುಬೈಯಲ್ಲಿ ಶುಕ್ರವಾರ ಅರ್ಧ ದಿನ ಉಂಟು, ಶಾರ್ಜಾದಲ್ಲಿ ಅದೂ ಇಲ್ಲ. ಕೇಳಲಿಕ್ಕೆ ಭಾರಿ ಖುಷಿ. ಆದರೆ ಪಾಠ ಅಷ್ಟೇ ಇರ್ತದಲ್ಲ, ಅದು ನಾಲ್ಕು ದಿನಕ್ಕೆ ಒತ್ತಿ ಕೂರ್ತದೆ. ಅದರ ಮೇಲೆ 9ನೇ ತರಗತಿವರೆಗೆ ಎಲ್ಲರಿಗೂ ಅರೇಬಿಕ್ ಕಡ್ಡಾಯ, ಮುಸ್ಲಿಂ ಮಕ್ಕಳಿಗೆ ಇಸ್ಲಾಮಿಕ್ ಶಿಕ್ಷಣ, ಜೊತೆಗೆ ಯುಎಇಯ ನೈತಿಕ-ಸಾಮಾಜಿಕ ಪಾಠ. ಇಲ್ಲಿ ಗಣಿತಕ್ಕೆ ಸಿಗ್ತಿದ್ದಷ್ಟು ಪಿರಿಯಡ್ ಅಲ್ಲಿ ಸಿಗ್ತದೆ ಅಂತ ಯೋಜನೆ ಹಾಕಬೇಡಿ. ಟೈಮ್‌ಟೇಬಲ್ ಕೈಗೆ ಬಂದ ಮೇಲೆ ವರ್ಷದ ಒಟ್ಟು ಪಿರಿಯಡ್ ಎಣಿಸಿ, ಅದರಲ್ಲಿ ಹತ್ತಕ್ಕೆ ಒಂದನ್ನು ಸಬ್‌ಸ್ಟಿಟ್ಯೂಷನ್, ಕಾರ್ಯಕ್ರಮಗಳಿಗೆ ಅಂತ ಕಳೆದು, ಉಳಿದದ್ದಕ್ಕೆ ಅಧ್ಯಾಯ ಹಂಚಿ. 2027ರಲ್ಲಿ ರಂಜಾನ್ ಬರುವುದು ಫೆಬ್ರವರಿಯಲ್ಲಿ, ಆಗ ಶಾಲೆಯ ಹೊತ್ತು ಕಡಿಮೆ. ಹತ್ತನೆಯ ಬೋರ್ಡ್ ಪರೀಕ್ಷೆಯೂ ಅದೇ ತಿಂಗಳು ಶುರು. ಪುನರಾವರ್ತನೆ ಜನವರಿಯಲ್ಲೇ ಮುಗಿದಿರಬೇಕು.

ಗಂಟಲು. ಎಸಿ ಗಾಳಿ ಒಣ, ಅದರ ಸದ್ದಿನ ಮೇಲೆ ಮಾತಾಡಲಿಕ್ಕೆ ಗೊತ್ತಿಲ್ಲದೆ ದನಿ ಏರ್ತದೆ. ಹಾಳಾಗುವುದು ಅಲ್ಲಿಂದಲೇ. ಬಿಸಿನೀರು ಕುಡಿದರೆ ಹಿತ ಆಗ್ತದೆ, ಆದರೆ ಗುಟುಕು ಗುಟುಕಾಗಿ ದಿನವಿಡೀ ಕುಡಿಯುವ ಮಾಮೂಲಿ ನೀರೇ ಮುಖ್ಯ. ಇಂಟರ್ವಲ್‌ನಲ್ಲಿ ಒಂದು ಬಾಟ್ಲಿ ಒಟ್ಟಿಗೆ ಕುಡಿದರೆ ಪ್ರಯೋಜನ ಇಲ್ಲ. ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ಸಿಗ್ತದೆ, ಮೊದಲ ತಿಂಗಳೇ ತೆಗೆದುಕೊಳ್ಳಿ, ನಾಚಿಕೆ ಬೇಡ. ಗಂಟಲು ಕೆಟ್ಟಾಗ ಪಿಸುಗುಟ್ಟಿ ಮಾತಾಡುವುದು ತಪ್ಪು, ಅದರಿಂದ ಸ್ವರತಂತುಗಳಿಗೆ ಇನ್ನೂ ಶ್ರಮ. ಮೇಲಿಂದ ಮೇಲೆ "ಖ್ಹ ಖ್ಹ" ಅಂತ ಕೆರೆಯುವುದೂ ಹಾಗೆಯೇ. ಕ್ಲಾಸಿನಲ್ಲಿ ಸೂಚನೆಗಳನ್ನೆಲ್ಲ ಬೋರ್ಡಿನ ಎಡಮೂಲೆಯಲ್ಲಿ ಬರೆದಿಡಿ: ಪುಟ, ಲೆಕ್ಕದ ಸಂಖ್ಯೆ, ಎಷ್ಟು ನಿಮಿಷ. ಗಣಿತಕ್ಕೆ ಇದು ಚೆನ್ನಾಗಿ ಹೊಂದ್ತದೆ, "ಮ್ಯಾಮ್ ಯಾವ ಸಮ್" ಎಂಬ ಮೂವತ್ತು ಪ್ರಶ್ನೆ ಉಳೀತದೆ. ಎರಡು-ಮೂರು ವಾರ ಆದರೂ ದನಿ ಒಡೆದೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ನೋಟ್‌ಬುಕ್ ಇದಕ್ಕಿಂತ ದೊಡ್ಡ ಉಪದ್ರ. 5 ಸೆಕ್ಷನ್, ತಲಾ 30 ಮಕ್ಕಳು, 150 ಪುಸ್ತಕ. ಒಂದಕ್ಕೆ 2 ನಿಮಿಷ ಅಂದರೂ 5 ಗಂಟೆ. ಎಲ್ಲ ಸೆಕ್ಷನ್ ಒಂದೇ ದಿನ ತೆಗೆದುಕೊಂಡರೆ ಆ ಕಟ್ಟು ಫ್ಲಾಟಿಗೇ ಬರ್ತದೆ. ದಿನಕ್ಕೊಂದು ಸೆಕ್ಷನ್ ಗೊತ್ತುಮಾಡಿ, ಐದನೆಯದಕ್ಕೆ ಮುಂದಿನ ವಾರ. ಹತ್ತು ಲೆಕ್ಕ ಕೊಟ್ಟರೆ ಎಂಟರ ಉತ್ತರ ಬೋರ್ಡಿನಲ್ಲಿ ಹಾಕಿ, ಮಕ್ಕಳು ಪೆನ್ಸಿಲ್‌ನಲ್ಲಿ ತಾವೇ ಗುರುತು ಹಾಕಲಿ. ಹಂತ ತಪ್ಪುವ ಸಾಧ್ಯತೆ ಇರುವ ಎರಡನ್ನು ಮಾತ್ರ ನೀವು ಸಾಲುಸಾಲಾಗಿ ನೋಡಿ. ಅದಕ್ಕೂ ಮೊದಲು ಶಾಲೆಯ ಮಾರ್ಕಿಂಗ್ ಪಾಲಿಸಿ ಕೇಳಿ ಓದಿ. ಯಾವ ಬಣ್ಣದ ಪೆನ್, ಷರಾ ಬರೆಯಬೇಕಾ, ಮಗು ತಿದ್ದಿದ ಮೇಲೆ ಪುನಃ ಸಹಿ ಬೇಕಾ ಅಂತೆಲ್ಲ ಅದರಲ್ಲಿರ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರು ಪುಸ್ತಕ ಬಿಡಿಸಿ ನೋಡ್ತಾರೆ. ಶಾರ್ಜಾದಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಶಾರ್ಜಾ ಖಾಸಗಿ ಶಿಕ್ಷಣ ಪ್ರಾಧಿಕಾರ, ಅವರ ಪರಿಶೀಲನೆಯ ಹೆಸರು ಇತ್ಕಾನ್. ಪಾಠ ಎಷ್ಟು ಚೆಂದ ಆಯ್ತು ಎಂಬುದಕ್ಕಿಂತ ಆ 40 ನಿಮಿಷದಲ್ಲಿ ಮಗು ಎಷ್ಟು ಮುಂದೆ ಹೋಯ್ತು ಅಂತ ನೋಡ್ತಾರೆ. ಒಂದೇ ವಿಷಯಕ್ಕೆ ಮೂರು ಮಟ್ಟದ ಲೆಕ್ಕ ತಯಾರು ಇಟ್ಟರೆ ಅರ್ಧ ಕೆಲಸ ಆದಂತೆ.

ಪೋಷಕರಿಗೆ ಸ್ವಂತ ನಂಬರ್ ಕೊಡಬೇಡಿ, ಶಾಲೆಯ ಆ್ಯಪ್‌ನಲ್ಲೇ ಉತ್ತರಿಸಿ. ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವ ಅಭ್ಯಾಸ ಇದ್ದರೆ ಇಲ್ಲೇ ಬಿಟ್ಟು ಹೋಗಿ. ಕೈ ಎತ್ತುವುದಂತೂ ಕೆಲಸವೇ ಹೋಗುವ ವಿಷಯ. ಮನೆಪಾಠಕ್ಕೆ ಪ್ರತ್ಯೇಕ ಪರ್ಮಿಟ್ ಬೇಕು. 2023ರ ಕೊನೆಯಿಂದ ಕೊಡ್ತಿದ್ದಾರೆ, ಶುಲ್ಕ ಇಲ್ಲ, ಎರಡು ವರ್ಷದ್ದು. ಅದಿಲ್ಲದೆ ಪಕ್ಕದ ಫ್ಲಾಟಿನ ಮಗುವಿಗೆ ದುಡ್ಡು ತೆಗೆದುಕೊಂಡು ಕಲಿಸಿದರೂ ದಂಡ.

ಬೆಳ್ತಿಗೆ_ಕುಚ್ಚಲು:

ಅಡುಗೆಮನೆ ನನಗೆ ಬಿಡಿ.

ಮೊದಲು ಬೇಡದ್ದು. ಗಸಗಸೆ ಒಂದು ಚಮಚವೂ ಬೇಡ. ಇಲ್ಲಿ ಪಾಯಸಕ್ಕೆ ಹಾಕುವ ವಸ್ತು, ಯುಎಇಯಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕಿದ್ದಾರಾ ಅಂತ ಅಮ್ಮನ ಹತ್ತಿರ ಕೇಳಿಯೇ ಪ್ಯಾಕ್ ಮಾಡಿ. ವೀಳ್ಯದೆಲೆ ಬೇಡ. ಕೊಬ್ಬರಿ ಬ್ಯಾಗಿಗೆ ಹಾಕಲಿಕ್ಕಿಲ್ಲ, ಎಣ್ಣೆಯಂಶ ಇರುವುದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕು ಅಂತ ವಿಮಾನದ ನಿಯಮದಲ್ಲಿ ಸೇರಿದೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಪೂರ್ವಾನುಮತಿ ಇಲ್ಲದೆ ಒಯ್ಯಬೇಡಿ. ದಿನಾ ತಿನ್ನುವ ಮಾತ್ರೆಗೆ ಡಾಕ್ಟರ ಚೀಟಿ, ಮಾತ್ರೆಯ ಮೂಲ ಪೊಟ್ಟಣ ಎರಡೂ ಇರಲಿ.

ಬೇಕಾದದ್ದು: ಬ್ಯಾಡಗಿ ಮೆಣಸು, ಸಾರಿನ ಪುಡಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳ. ಕಷಾಯದ ಪುಡಿ ಖಂಡಿತ. ಕೊತ್ತಂಬರಿ 1 ಕಪ್, ಜೀರಿಗೆ ಅರ್ಧ ಕಪ್, ಕಾಳುಮೆಣಸು 1 ದೊಡ್ಡ ಚಮಚ, ಮೆಂತೆ 1 ಸಣ್ಣ ಚಮಚ, ನಾಲ್ಕು ಏಲಕ್ಕಿ. ಪರಿಮಳ ಬರುವಷ್ಟು ಬೆಚ್ಚಗೆ ಮಾಡಿ, ಪೂರ್ತಿ ತಣಿದ ಮೇಲೆ ಪುಡಿ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿದರೆ ಒಳಗೆ ಬೆವರಿ ಮುಗ್ಗಲು ಹಿಡೀತದೆ. ಸಂಜೆ ಶಾಲೆಯಿಂದ ಬಂದು ಒಂದು ಚಮಚ ಪುಡಿ, ಬೆಲ್ಲ, ಹಾಲು ಹಾಕಿ ಕುದಿಸಿದರೆ ಮೇಲೆ ಬರೆದ ಗಂಟಲಿಗೂ ಆಯ್ತು, ಮನಸ್ಸಿಗೂ ಆಯ್ತು.

ಅಕ್ಕಿ ಹೊತ್ತುಕೊಂಡು ಹೋಗಬೇಡಿ ಮಾರಾಯ್ರೆ. ಮಲಯಾಳಿ ಅಂಗಡಿಗಳಲ್ಲಿ ಮಟ್ಟ ಅಕ್ಕಿ ಸಿಗ್ತದೆ, ಗಂಜಿಗೆ ನಮ್ಮ ಕುಚ್ಚಲಕ್ಕಿಗೆ ತೀರಾ ಹತ್ತಿರ. ಒಂದು ಗಂಟೆ ನೆನೆಸಿ, ಒಂದಕ್ಕೆ ನಾಲ್ಕು ನೀರು, 5-6 ಸೀಟಿ, ಆವಿ ತಾನಾಗಿ ಇಳಿಯುವವರೆಗೆ ಮುಚ್ಚಳ ತೆಗೆಯದೆ ಬಿಡಿ. ಕಾಯಿ, ಕರಿಬೇವು, ಬಸಳೆ ಅದೇ ಅಂಗಡಿಯಲ್ಲಿ. ನೀರ್‌ದೋಸೆಗೆ ಬಾಸ್ಮತಿ ಆಗುವುದಿಲ್ಲ, ಕಾವಲಿಯಿಂದ ಏಳುವಾಗ ಹರೀತದೆ. ಸೋನಾಮಸೂರಿ ಬೆಳ್ತಿಗೆ 4 ಗಂಟೆ ನೆನೆಸಿ, ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆಗಿಂತ ತೆಳ್ಳಗೆ ಮಾಡಿ. ಹುದುಗು ಬರಿಸುವ ರಗಳೆ ಇಲ್ಲ, ಹಂಚಿಕೊಂಡಿರುವ ಅಡುಗೆಮನೆಗೆ ಇದಕ್ಕಿಂತ ಒಳ್ಳೆ ತಿಂಡಿ ಇಲ್ಲ.

ಉದ್ದಿನ ಹಿಟ್ಟಿನ ಕಥೆ ಬೇರೆ. 22 ಡಿಗ್ರಿ ಎಸಿ ಇರುವ ಹಾಲ್‌ನಲ್ಲಿಟ್ಟರೆ ಬೆಳಿಗ್ಗೆ ನೋಡುವಾಗ ಹೇಗಿತ್ತೋ ಹಾಗೆಯೇ ಇರ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಸಿ ಇಲ್ಲದ ಅಡುಗೆಮನೆಯಲ್ಲಿಟ್ಟರೆ 5 ಗಂಟೆಯಲ್ಲೇ ಉಕ್ಕಿ ಹುಳಿ ಬಂದಿರ್ತದೆ. ಬೇಸಿಗೆಯಲ್ಲಿ ಐಸ್ ನೀರು ಹಾಕಿ ಅರೆದು, ರಾತ್ರಿ ಮಲಗುವ ಮೊದಲು ನೋಡಿ, ಉಬ್ಬಿದ್ದರೆ ಫ್ರಿಜ್‌ಗೆ. ಡಿಸೆಂಬರ್-ಜನವರಿಯಲ್ಲಿ ಓವನ್ ಒಳಗೆ, ಬರೇ ಲೈಟ್ ಹಾಕಿ, 10ರಿಂದ 12 ಗಂಟೆ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಇಲ್ಲದಿದ್ದರೆ ಫ್ಲಾಟಿನ ಇನ್ನೊಬ್ಬರು ಕೇಕ್ ಮಾಡ್ಲಿಕ್ಕೆ ಅಂತ ಬಿಸಿ ಮಾಡ್ತಾರೆ. ಮಿಕ್ಸಿಯಲ್ಲಿ ಉದ್ದು ಅರೆಯುವಾಗ ಒಂದೊಂದೇ ನಿಮಿಷ ಓಡಿಸಿ ನಿಲ್ಲಿಸಿ. ಹಿಟ್ಟು ಬಿಸಿಯಾದರೆ ಹೂವಿನ ಹಾಗೆ ಆಗುವುದಿಲ್ಲ.

ಮೀನು ತಿನ್ನುವವರಾದರೆ ಶಾರ್ಜಾದ ಸೂಕ್ ಅಲ್ ಜುಬೈಲ್ ಮಾರ್ಕೆಟಿಗೆ ಹೋಗಿ. ಅಂಜಲ್‌ಗೆ ಅಲ್ಲಿ ಕನಾದ್ ಅಂತ ಕೇಳಬೇಕು. ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅದನ್ನು ಹಿಡಿಯುವುದಕ್ಕೆ ನಿಷೇಧ, ಆಗ ಬಂಗುಡೆಗೇ ಸಮಾಧಾನ.

ಕಲ್ಸಂಕ_ಟೀಚರ್:

ಇಷ್ಟು ಬಿಡಿಸಿ ಬರೆದದ್ದಕ್ಕೆ ಉಪಕಾರ. ಎರಡು ಸಂಶಯ ಉಳಿಯಿತು. ಪದವಿಯಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಮಾತ್ರ ಉಂಟು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಇದು ತೊಂದರೆಯಾ? ಮತ್ತೆ ಇಲ್ಲಿನ ಮಿಕ್ಸಿ, ಕುಕ್ಕರ್ ಅಲ್ಲಿ ನಡೀತದಾ?

ಕೊಣಾಜೆ_ಬಸ್:

ಸರ್‌ನೇಮ್ ಖಾಲಿ ಬಿಡಬೇಡಿ. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ. ಕೆಲಸದ ವೀಸಾಕ್ಕೆ ಆ ನಿಯಮ ಸಡಿಲ, ಆದರೆ ಶಾಲೆಯವರು ಮೊದಲು ವಿಸಿಟ್‌ನಲ್ಲಿ ಬನ್ನಿ ಅಂದರೆ ಅಲ್ಲೇ ಸಿಕ್ಕಿಬೀಳ್ತೀರಿ. ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಇನಿಷಿಯಲ್ ಬಿಡಿಸಿ ಸರ್‌ನೇಮ್ ಆಗಿ ಸೇರಿಸಿ. ಅಟೆಸ್ಟೇಶನ್, ಪೊಲೀಸ್ ಕ್ಲಿಯರೆನ್ಸ್ ಎರಡೂ ಆಮೇಲೆ, ಯಾಕೆಂದರೆ ಅವುಗಳಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬೇಕಾಗ್ತದೆ. ಪದವಿಯ ಇನಿಷಿಯಲ್‌ಗೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿಟ್ಟುಕೊಳ್ಳಿ. ಅದು ಸಾಕಾ ಅಂತ ಶಾಲೆಯಿಂದ ಬರವಣಿಗೆಯಲ್ಲಿ ಕೇಳಿ.

ಬೆಳ್ತಿಗೆ_ಕುಚ್ಚಲು:

ಮಿಕ್ಸಿ ನಡೀತದೆ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪಿನ್ ಮಾತ್ರ ಬೇರೆ, ಚೌಕದ ಮೂರು ಪಿನ್. ಕಡಿಮೆ ಬೆಲೆಯ ಟ್ರಾವೆಲ್ ಅಡಾಪ್ಟರಿಗೆ ಸಿಕ್ಕಿಸಿ 750 ವಾಟ್ ಮಿಕ್ಸಿ ಓಡಿಸಬೇಡಿ, ಸಡಿಲ ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಕರಗ್ತದೆ. ಅಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಯೂಸ್ ಇರುವ ಪ್ಲಗ್ಗನ್ನೇ ಹಾಕಿಸಿಬಿಡಿ. ಕುಕ್ಕರ್ ತೆಗೆದುಕೊಳ್ಳುವ ಮೊದಲು ಫ್ಲಾಟಿನಲ್ಲಿ ಗ್ಯಾಸಾ, ಇಂಡಕ್ಷನ್ನಾ ಅಂತ ಕೇಳಿ. ಇಂಡಕ್ಷನ್ ಆದರೆ ಸಾದಾ ಅಲ್ಯೂಮಿನಿಯಂ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಸರಿ. ಕಬ್ಬಿಣದ ಕಾವಲಿ ಎರಡಕ್ಕೂ ಆಗ್ತದೆ, ತಳ ಚಪ್ಪಟೆ ಇರಲಿ. ತೂಕಕ್ಕೆ ಹೆದರಿ ಅದನ್ನು ಬಿಟ್ಟುಹೋಗಬೇಡಿ, ಬೇಕಾದರೆ ಉಪ್ಪಿನಕಾಯಿ ಡಬ್ಬಿ ಒಂದು ಕಡಿಮೆ ಮಾಡಿ.

ಬಂದರು_ರಸ್ತೆ:

ಅಮ್ಮನ ವಿಷಯ ಯಾರೂ ಹೇಳಲಿಲ್ಲ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್, ವಾಯ್ಸ್ ನೋಟ್ ಹೋಗ್ತದೆ, ಕಾಲ್ ಹೋಗುವುದಿಲ್ಲ. ವಿಪಿಎನ್ ಹಾಕಿ ಅಂತ ಹೇಳುವವರು ಸಿಗ್ತಾರೆ. ಅದರ ದುರ್ಬಳಕೆಗೆ ದಂಡ ಶುರುವಾಗುವುದೇ 5 ಲಕ್ಷ ದಿರ್ಹಂನಿಂದ. ಹೊರಡುವ ಮೊದಲು ಅಮ್ಮನ ಫೋನಿಗೆ ಬೋಟಿಮ್ ಎಂಬ ಕಾಲ್ ಆ್ಯಪ್ ಅಥವಾ ಗೂಗಲ್ ಮೀಟ್ ಹಾಕಿ, ಉಡುಪಿಯಲ್ಲೇ ಎರಡು ಕೋಣೆಯಲ್ಲಿ ಕೂತು ನಾಲ್ಕು ಸಲ ಕಾಲ್ ಮಾಡಿಸಿ ಅಭ್ಯಾಸ ಮಾಡಿಸಿ. ಅಲ್ಲಿನ ಗಂಟೆ ನಮಗಿಂತ ಒಂದೂವರೆ ತಾಸು ಹಿಂದೆ. ನಿಮಗೆ 6:30 ಆಗುವಾಗ ಅಮ್ಮನಿಗೆ ರಾತ್ರಿ 8, ಊಟಕ್ಕೆ ಕೂರುವ ಮೊದಲು ಸಿಗ್ತಾರೆ.